ಹುಳುಮನೆಯ ಮರಿ ಡೇರಿಗೆ ಬಂದದ್ದು

ಹೊಸದಾಗಿ ಕೆಲಸಕ್ಕೆ ಸೇರುವ ಪಶುವೈದ್ಯರಿಗೆ ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾಯಿಗಳ ಜಗಳದ ಬಗ್ಗೆ ಕಾಲೇಜಿನಲ್ಲಿ ನಮಗೆ ಕಲಿಸಿದ್ದು ಗಾಯ ಹೊಲಿಯುವುದನ್ನು ಮಾತ್ರ. ಜಗಳ ಹೇಗೆ ಹುಟ್ಟುತ್ತದೆ ಎಂದು ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ನಾನು ಸೇವೆಗೆ ಸೇರಿದಾಗ ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಆ ಕಡೆ ಪಶುವೈದ್ಯೆ ಎಂದರೆ ಹಸುವಿನ ವೈದ್ಯೆ. ನಾಯಿ ಹಿಡಿದುಕೊಂಡು ಆಸ್ಪತ್ರೆಗೆ ಬಂದವರನ್ನು ಹಸು ಹಿಡಿದು ನಿಂತವರು ತಿರುಗಿ ನೋಡಿ ನಗುತ್ತಿದ್ದರು.

ಓದುವ ದಿನಗಳಲ್ಲಿ ನಾನು ಒಂದು ಸಣ್ಣ ಪತ್ರಿಕೆಗೆ ಊರ ಸುದ್ದಿ ಬರೆದುಕೊಡುತ್ತಿದ್ದೆ. ಕಣ್ಣಾರೆ ಕಂಡದ್ದನ್ನೂ ಕಿವಿಯಲ್ಲಿ ಕೇಳಿದ್ದನ್ನೂ ಒಂದೇ ವಾಕ್ಯದಲ್ಲಿ ಬೆರೆಸಬಾರದು ಎಂಬ ಪಾಠ ಅಲ್ಲಿ ಸಿಕ್ಕಿತು. ಮುಂದೆ ಪ್ರಾಣಿಗಳ ನಡುವೆ ಅದು ಹೆಚ್ಚು ಉಪಯೋಗಕ್ಕೆ ಬಂತು. ‘ನಾಯಿಗೆ ಸಿಟ್ಟು ಬಂತು’ ಎನ್ನುವುದು ಕೇಳಿದ ಮಾತು. ‘ನಾಯಿ ಬಾಲ ನೆಟ್ಟಗೆ ಮಾಡಿ ಉಸಿರು ಬಿಗಿಹಿಡಿದು ನಿಂತಿತು’ ಎನ್ನುವುದು ಕಂಡದ್ದು. ಎರಡರ ನಡುವೆ ಎಷ್ಟು ದೂರವಿದೆ ಎಂಬುದು ನನಗೆ ಮೊದಲು ಗೊತ್ತಾದದ್ದು ಗೌರಿಬಿದನೂರಿನ ಕಡೆಯ ಒಂದು ಹಳ್ಳಿಯಲ್ಲಿ.

ಅಲ್ಲಿನ ಶಾಲೆಯ ಅಂಗಳದಲ್ಲಿ ಹುಚ್ಚುನಾಯಿ ರೋಗದ ಲಸಿಕೆ ಹಾಕುವ ಶಿಬಿರ ಏರ್ಪಾಡಾಗಿತ್ತು. ನಮ್ಮ ಮೇಲಧಿಕಾರಿಗಳು ದಪ್ಪ ದೇಹದ, ಒಳ್ಳೆಯ ಮನಸ್ಸಿನ ಮನುಷ್ಯ. ಎರಡು ಊರಿಗೆ ಕೇಳಿಸುವಂಥ ಗಂಟಲು. ‘ಹಗ್ಗ ಬಿಗಿಯಾಗಿ ಹಿಡೀರಿ! ಗಿಡ್ಡಕೆ ಹಿಡೀರಿ!’ ಎಂದು ಬೆಳಗಿನಿಂದ ಕೂಗುತ್ತಿದ್ದರು. ಜನ ಹಾಗೆಯೇ ಹಿಡಿದರು. ಕತ್ತಿಗೆ ಹಗ್ಗ ಬಿಗಿದಂತೆಲ್ಲ ನಾಯಿಗಳ ಮುಂಗಾಲು ನೆಲ ಬಿಡುತ್ತಿದ್ದವು. ಎದುರಿನ ನಾಯಿಯೂ ಹಾಗೆಯೇ ಎದ್ದು ನಿಲ್ಲುತ್ತಿತ್ತು. ಮುಖಕ್ಕೆ ಮುಖ, ಎದೆಗೆ ಎದೆ. ನಾಲ್ಕೈದು ಕಡೆ ಜಗಳ ಹತ್ತಿಕೊಂಡಿತು. ಅದೇ ಹೊತ್ತಿಗೆ ಒಬ್ಬ ಅಜ್ಜನ ಹಿಂದೆ ಹಗ್ಗವೇ ಇಲ್ಲದೆ ಬಂದ ಬಿಳಿ ನಾಯಿಯೊಂದು ಅಂಗಳದ ಅಂಚಿನಲ್ಲೇ ಸುತ್ತಿ, ಎರಡು ನಾಯಿಗಳ ಹಿಂಬದಿ ಮೂಸಿ, ನಮ್ಮ ಮೇಜಿನ ಕಾಲಿಗೆ ಒಂದು ಸಲ ಕಾಲೆತ್ತಿ, ಬೇವಿನ ಮರದ ಕೆಳಗೆ ಮಲಗಿಬಿಟ್ಟಿತು. ಅದರ ತಂಟೆಗೆ ಯಾವ ನಾಯಿಯೂ ಹೋಗಲಿಲ್ಲ.

ಊಟದ ಹೊತ್ತಿನಲ್ಲಿ ಸಾಹೇಬರಿಗೆ ಇದನ್ನು ಹೇಳಿದೆ.

‘ಒಂದು ಸಲ ಕಂಡಿದ್ದು ಕತೆ ಕಣಮ್ಮ’ ಎಂದರು ಅವರು, ಮೊಸರನ್ನ ಕಲಸುತ್ತಾ. ‘ಮುಂದಿನ ಕ್ಯಾಂಪಲ್ಲೂ ನೋಡೋಣ. ಆಮೇಲೆ ಮಾತಾಡು.’

ಮುಂದಿನ ಶಿಬಿರದಲ್ಲಿ ಅವರು ಅದೇ ಗಂಟಲಿನಲ್ಲಿ ‘ಹಗ್ಗ ಸಡಿಲ ಬಿಡ್ರಪ್ಪಾ!’ ಎಂದು ಕೂಗಿದರು. ಜಗಳಗಳು ಕಡಿಮೆಯಾದವು. ಆದರೆ ನಿಲ್ಲಲಿಲ್ಲ. ಒಂದೇ ಬೀದಿಯ ಎರಡು ಹಳೇ ವೈರಿಗಳು ಸಡಿಲ ಹಗ್ಗದ ಉಪಕಾರದಿಂದಲೇ ಒಂದನ್ನೊಂದು ತಲುಪಿ, ಶಾಲೆಯ ನೀರಿನ ತೊಟ್ಟಿಯೊಳಗೆ ಬಿದ್ದು ಹೊಡೆದಾಡಿದವು. ಸಾಹೇಬರು ತೊಯ್ದ ಪ್ಯಾಂಟು ಹಿಂಡುತ್ತಾ ನನ್ನನ್ನು ನೋಡಿದ ನೋಟವನ್ನು ಈಗಲೂ ಮರೆತಿಲ್ಲ. ಒಂದು ಸೂತ್ರ ಸಿಕ್ಕಿತೆಂದು ಹಿಗ್ಗಬೇಡಿ ಎಂಬುದಕ್ಕಾಗಿ ಇದನ್ನು ಬರೆದೆ.

ಕೆಲಸದ ರೀತಿಯೂ ಕಣ್ಣೆದುರೇ ಬದಲಾಯಿತು. ಚಿಂತಾಮಣಿಯಲ್ಲಿದ್ದಾಗ ಮೇಷ್ಟ್ರುಗಳ, ಗುಮಾಸ್ತರ ಮನೆಗಳಲ್ಲಿ ನಾಯಿ ಸಾಕುವುದು ಶುರುವಾಗಿತ್ತು. ‘ಕೊನೇ ಇಂಜೆಕ್ಷನ್ ಆಗೋವರೆಗೂ ಮರೀನ ಹೊಸಿಲು ದಾಟಿಸಬೇಡಿ’ ಎನ್ನುವುದು ಆಗ ನಾವೆಲ್ಲ ಕೊಡುತ್ತಿದ್ದ ಸಲಹೆ. ಅದು ಮೂರ್ಖತನವಾಗಿರಲಿಲ್ಲ. ರಕ್ತಭೇದಿಯಿಂದ ಮರಿಗಳು ಸಾಯುವುದನ್ನು ನೋಡಿದವರು ಯಾರೂ ಹಾಗೆನ್ನಲಾರರು. ಆದರೆ ಆ ಸಲಹೆ ಪಾಲಿಸಿ ಬೆಳೆದ ಮರಿಗಳು ನಾಲ್ಕೈದು ತಿಂಗಳಾದ ಮೇಲೆ ಬೀದಿಗಿಳಿದಾಗ ಬೇರೆ ನಾಯಿಗಳ ಮುಂದೆ ಏನು ಮಾಡಬೇಕೆಂದೇ ತಿಳಿಯದೆ ಒದ್ದಾಡುತ್ತಿದ್ದವು. ಕೆಲವು ಮೂಲೆ ಸೇರುತ್ತಿದ್ದವು, ಕೆಲವು ಮೈಮೇಲೆ ಬೀಳುತ್ತಿದ್ದವು. ಲಸಿಕೆ ನಡೆಯುತ್ತಿರುವಾಗಲೇ ಮರಿಯನ್ನು ಎತ್ತಿಕೊಂಡು ಹೋಗಿ ಲೋಕ ತೋರಿಸಿ, ಲಸಿಕೆಯಾದ ಆರೋಗ್ಯವಂತ ನಾಯಿಗಳ ಹತ್ತಿರ ಬಿಡಿ ಎಂದು ಹೇಳಲು ನಾವು ಕಲಿತದ್ದು ಬಹಳ ತಡವಾಗಿ.

ಈಗ ನಾನು ಹೇಳಬೇಕೆಂದಿರುವ ಪ್ರಕರಣ. ನನ್ನ ಸೇವೆಯ ಕೊನೆಯ ವರ್ಷಗಳು ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಕಳೆದವು. ಜಂಗಮಕೋಟೆಯ ಆಚೆ, ಹಿಪ್ಪುನೇರಳೆ ತೋಟಗಳ ನಡುವೆ ಒಂದು ಹಳ್ಳಿ. ಅಲ್ಲಿನ ಮುನಿರತ್ನಮ್ಮ ಒಂದು ಬೆಳಿಗ್ಗೆ ಕಿವಿ ಹರಿದ ನಾಯಿಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಬಂದರು. ಐದು ತಿಂಗಳ ಗಂಡು ಮರಿ, ಹೆಸರು ಭೀಮ, ತೂಕವೂ ಹೆಸರಿಗೆ ತಕ್ಕಂತೆ. ಕಿವಿ ಹೊಲಿಯುತ್ತಿದ್ದಾಗಲೂ ನನ್ನ ಗಲ್ಲ ನೆಕ್ಕಲು ಹವಣಿಸುತ್ತಿತ್ತು.

‘ಯಾವ ನಾಯಿ ಕಚ್ಚಿದ್ದು?’

‘ಡೇರಿ ಹತ್ರ ಹುಲಿ ಅಂತ ಒಂದದೆ, ಡಾಕ್ಟ್ರಮ್ಮ. ಅದ್ರದ್ದೂ ತಪ್ಪಿಲ್ಲ ಬಿಡಿ. ಇವ್ನೇ ಹೋಗಿ ಅದ್ರ ಹೆಗಲ ಮ್ಯಾಲೆ ಕೈ ಹಾಕ್ದ.’

ಆಮೇಲೆ ಧ್ವನಿ ತಗ್ಗಿಸಿ ಉಳಿದದ್ದನ್ನು ಹೇಳಿದರು. ಭೀಮ ದಿನವೂ ಅವರ ಹಿಂದೆ ಡೇರಿಗೆ ಬರುತ್ತಾನೆ. ಕಟ್ಟಿಹಾಕಿದರೆ ಹಗ್ಗ ಕಡಿದುಕೊಂಡು ಬರುತ್ತಾನೆ. ಅಲ್ಲಿರುವ ಒಂದೊಂದೇ ನಾಯಿಯ ಮೇಲೆ ಬಿದ್ದು ಗಲಾಟೆ ಎಬ್ಬಿಸುತ್ತಾನೆ. ಹಾಗೊಂದು ಗಲಾಟೆಯಲ್ಲಿ ಚೌಡಪ್ಪ ಎಂಬುವರ ಕ್ಯಾನು ಉರುಳಿ ಹಾಲೆಲ್ಲ ಮಣ್ಣುಪಾಲಾಯಿತು. ಸಾಲಿನಲ್ಲಿದ್ದವರೆಲ್ಲ ಸೇರಿ ಗಂಡ ಭೈರೇಗೌಡರಿಗೆ ಮುಖಕ್ಕೆ ಹೊಡೆದಂತೆ ಮಾತಾಡಿದ್ದಾರೆ. ಭೈರೇಗೌಡರ ತಮ್ಮ ಮುನಿರಾಜು ಚಿಂತಾಮಣಿ ಮಾರುಕಟ್ಟೆಗೆ ಟೊಮ್ಯಾಟೊ ಸಾಗಿಸುತ್ತಾನೆ. ತಮ್ಮ ತೋಟದ ಟೊಮ್ಯಾಟೊ ಹಣ್ಣಾಗಿ ಮೊದಲ ಸಲ ಬಿಡಿಸಿದ ದಿನ ಮರಿಯನ್ನೂ ಅದೇ ಟೆಂಪೋದಲ್ಲಿ ಹಾಕಿಕೊಂಡು ಹೋಗಿ, ಅಂಬಾಜಿದುರ್ಗ ಬೆಟ್ಟದ ಬುಡದಲ್ಲಿ ಬಿಟ್ಟುಬರುವುದು ಎಂದು ತೀರ್ಮಾನವಾಗಿದೆ.

‘ಅಲ್ಲಿ ಬಿಟ್ರೆ ಇವ್ನು ಬದುಕ್ತಾನಾ ಹೇಳಿ. ಮೊದಲ್ನೇ ನಾಯಿ ಹತ್ರನೇ ಹೆಗಲ್ ಮ್ಯಾಲೆ ಕೈ ಹಾಕಕ್ಕೋಗ್ತಾನೆ’ ಎಂದರು ಮುನಿರತ್ನಮ್ಮ.

ಅವರು ಹೇಳಿದ್ದು ಸರಿ. ಅಲ್ಲಿ ಅವನು ಹೆಚ್ಚು ದಿನ ಉಳಿಯುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಆ ಡೇರಿಗೆ ಹೋದೆ. ಮರಿಯನ್ನು ನೋಡುವ ಮೊದಲು ಉಳಿದ ನಾಯಿಗಳನ್ನು ನೋಡಬೇಕಿತ್ತು. ಆ ಭಾಗದ ಹಳ್ಳಿಗಳಲ್ಲಿ ಹಾಲು ಹಾಕುವವರ ಹಿಂದೆ ಅವರವರ ನಾಯಿಯೂ ಬರುತ್ತದೆ. ಜನ ಕ್ಯಾನುಗಳನ್ನು ಸಾಲಾಗಿಟ್ಟು ಹರಟುತ್ತಾರೆ. ನಾಯಿಗಳು ತಂತಮ್ಮ ಮನೆಯ ಕ್ಯಾನಿನ ಬುಡದಲ್ಲಿ ಮಲಗುತ್ತವೆ. ಹೊಸದಾಗಿ ಬಂದ ನಾಯಿ ನೇರವಾಗಿ ಸಾಲಿನೊಳಗೆ ನುಗ್ಗುವುದಿಲ್ಲ. ಒಂದು ಸುತ್ತು ಬಳಸಿ, ಮುಖ ಬೇರೆ ಕಡೆ ತಿರುಗಿಸಿಕೊಂಡು, ಪಕ್ಕದಿಂದ ಬರುತ್ತದೆ. ಹಿಂಬದಿ ಮೂಸುವುದು, ಮೂಸಿಸಿಕೊಳ್ಳುವುದು, ಮುಂದೆ ಹೋಗುವುದು. ಆ ವಿಚಾರಣೆ ಎಷ್ಟು ಬೇಗ ಮುಗಿಯುತ್ತದೆ ಎಂದರೆ ನಿಂತು ನೋಡದಿದ್ದರೆ ನಡೆದದ್ದೇ ತಿಳಿಯುವುದಿಲ್ಲ. ಚೌಡಪ್ಪನವರ ಮುದಿ ಹೆಣ್ಣುನಾಯಿ ಕೆಂಪಿ ಇದ್ದ ಕಡೆ ಮಾತ್ರ ಎಲ್ಲವೂ ಸ್ವಲ್ಪ ಹೆಚ್ಚೇ ಬಳಸಿ ಹೋಗುತ್ತಿದ್ದವು. ಮೈತುಂಬ ಹಳೆಯ ಗಾಯದ ಗುರುತಿದ್ದ ಹುಲಿ ಕೂಡ.

ಅಷ್ಟರಲ್ಲಿ ಭೀಮ ಬಂದ, ಹೊಲಿದ ಕಿವಿ ಕುಣಿಸಿಕೊಂಡು. ಕಚ್ಚಿಸಿಕೊಂಡದ್ದರ ನೆನಪೇ ಇದ್ದಂತಿರಲಿಲ್ಲ. ಎದುರಿನಿಂದ, ಬಾಣ ಬಿಟ್ಟಂತೆ, ಎರಡೂ ಮುಂಗಾಲೆತ್ತಿ ಮೊದಲ ನಾಯಿಯ ಹೆಗಲಿಗೆ. ಅದು ಗುರ್ ಎಂದಾಗ ಎರಡನೆಯದರ ಹೆಗಲಿಗೆ. ಮುನಿರತ್ನಮ್ಮ ಓಡಿ ಹೋಗಿ ಹಿಡಿದುಕೊಂಡರು. ನಾನು ಗಮನಿಸಿದ್ದು ಬಾಲವನ್ನು. ಅದು ಸಡಿಲವಾಗಿ ಅಗಲಕ್ಕೆ ಆಡುತ್ತಿತ್ತು. ಜಗಳಕ್ಕೆ ಹೋಗುವ ನಾಯಿಯ ಬಾಲ ಹಾಗಿರುವುದಿಲ್ಲ. ಹಾಗಾದರೆ ಇವನು ಮಾಡುತ್ತಿರುವುದಾದರೂ ಏನು?

ಉತ್ತರ ಸಿಕ್ಕಿದ್ದು ಅವರ ತೋಟದ ಮನೆಯಲ್ಲಿ. ಕೆಚ್ಚಲು ಬಾವು ಬಂದ ಹಸುವನ್ನು ನೋಡಲು ಹೋಗಿದ್ದೆ. ಕೊಟ್ಟಿಗೆಯ ಕೆಲಸ ಮುಗಿಸಿ ಮನೆಯ ಕಡೆ ಹೆಜ್ಜೆ ಹಾಕಿದರೆ ಮುನಿರತ್ನಮ್ಮ ಕೈ ಅಡ್ಡ ಹಿಡಿದರು. ‘ಬೇಜಾರ್ ಮಾಡ್ಕೋಬ್ಯಾಡಿ ಡಾಕ್ಟ್ರಮ್ಮ. ಹುಳ ಕೊನೇ ಜ್ವರದಲ್ಲವೆ. ಒಳಕ್ಕೆ ಬರಂಗಿಲ್ಲ. ಕಾಫಿ ಇಲ್ಲಿಗೇ ತರ್ತೀನಿ.’ ರೇಷ್ಮೆ ಹುಳು ಪೊರೆ ಬಿಡುವ ಹೊತ್ತನ್ನು ಅಲ್ಲಿ ಜ್ವರ ಎನ್ನುತ್ತಾರೆ. ಹುಳುಮನೆ ಅವರ ವಾಸದ ಮನೆಗೆ ಅಂಟಿಕೊಂಡೇ ಇತ್ತು. ಬಾಗಿಲಲ್ಲಿ ಸುಣ್ಣ ಚೆಲ್ಲಿತ್ತು, ಕಾಲು ಅದ್ದಲು ಔಷಧದ ನೀರಿತ್ತು. ಊರೆಲ್ಲ ತಿರುಗುವ ನನ್ನಂಥವರನ್ನು ಹುಳುವಿಗೆ ರೋಗ ಬರುವ ಭಯದಲ್ಲಿ ಹೊರಗೆ ನಿಲ್ಲಿಸಿದ್ದು ಸರಿಯಾದ ಕೆಲಸವೇ.

ಹೊರಗೆ ಕಲ್ಲಿನ ಮೇಲೆ ಕೂತು ಕಾಫಿ ಕುಡಿಯುತ್ತಾ ನೋಡಿದೆ. ಭೈರೇಗೌಡರು ಸೊಪ್ಪಿನ ಹೊರೆ ಹೊತ್ತು ಬಂದರು. ಭೀಮ ಎದುರಿನಿಂದ ಓಡಿ ಎರಡೂ ಕಾಲು ಅವರ ಎದೆಗಿಟ್ಟ. ನಾಯಿ ಬೇಡವೆಂದಿದ್ದ ಆ ಮನುಷ್ಯ ಹೊರೆ ಇಳಿಸಿದವರೇ ಬಗ್ಗಿ, ಅದರ ಹಣೆಗೆ ಹಣೆ ತಾಗಿಸಿ, ‘ಏನ್ಲಾ ಪೈಲ್ವಾನ’ ಎಂದು ಎದೆಯನ್ನು ಕೈಯಲ್ಲಿ ದಬ್ಬಿದರು. ಭೀಮ ಖುಷಿಯಿಂದ ಮತ್ತೆ ಬಂದು ಗುದ್ದಿದ.

‘ಇವ್ನು ಬಂದಾಗಿಂದ ಇಲ್ಲಿಗೆ ಬೇರೆ ಯಾರ್ಯಾರು ಬಂದಿದಾರೆ?’ ಎಂದು ಕೇಳಿದೆ.

‘ಯಾರ್ ಬರ್ತಾರೆ?’ ಎಂದರು ಮುನಿರತ್ನಮ್ಮ. ‘ಹುಳ ಇದ್ದಾಗ ನೆಂಟ್ರನ್ನೂ ಬರಬ್ಯಾಡಿ ಅಂತೀವಿ. ಇವ್ನು ಬಂದಿದ್ದು ಒಂದು ಹುಳದ ಬೆಳೆ ನಡುವೆ. ಅದು ಮುಗೀತು, ಇನ್ನೊಂದು ಬೆಳೆ ಬಂತು. ಇವ್ನು ಹೊರಗೆ ಸುತ್ತಿ ಏನಾದ್ರೂ ಅಂಟಿಸ್ಕೊಂಡು ಬಂದಾನು ಅಂತ ನಮ್ ಜೊತೇಲೇ ಮಡಿಕೊಂಡಿದ್ವಿ. ಆಳುಗಳು ಬಂದಾಗ ಕೊಟ್ಟಿಗೆಯಾಗೆ ಕಟ್ತಿದ್ವಿ. ಡೇರಿಗೆ ಬರಾಕ್ ಶುರು ಮಾಡಿದ್ದೇ ಈಚೆಗೆ.’

ಹುಳುವನ್ನು ಕಾಯುವ ಶಿಸ್ತಿನಲ್ಲೇ ಮರಿಯನ್ನೂ ಬೆಳೆಸಿದ್ದರು. ಅದರ ಬಾಲ್ಯದಲ್ಲಿ ಬಾಗಿಲಿಗೆ ಬಂದವರು ಇಬ್ಬರೇ, ಇಬ್ಬರೂ ತನ್ನವರು. ಇಬ್ಬರೂ ಎದುರಿನಿಂದ ಬಂದು, ಬಗ್ಗಿ, ಮುಖಕ್ಕೆ ಮುಖ ಕೊಟ್ಟು ಮಾತಾಡಿಸಿದವರು. ಲೋಕದಲ್ಲಿ ಅಪರಿಚಿತರು ಎಂಬ ಜಾತಿಯೊಂದು ಇದೆಯೆಂದೇ ಭೀಮನಿಗೆ ತಿಳಿದಿರಲಿಲ್ಲ. ನಾಯಿಗಳ ಹೆಗಲ ಮೇಲೆ ಅವನು ಕೈ ಹಾಕುತ್ತಿದ್ದದ್ದು ಮನುಷ್ಯರ ರೀತಿಯ ಕುಶಲ ವಿಚಾರಣೆ. ಬೇಡವೆಂದು ದಬ್ಬಿದರೆ ಅದನ್ನೂ ಆಟವೆಂದೇ ಕಲಿತಿದ್ದ. ಇದು ನನ್ನ ಊಹೆ, ಕಂಡದ್ದಲ್ಲ. ಆದರೆ ಕಂಡದ್ದಕ್ಕೆಲ್ಲ ಹೊಂದುತ್ತಿತ್ತು.

ಮೊದಲು ಪಕ್ಕದ ತೋಟದ, ಅವನದೇ ವಯಸ್ಸಿನ ಒಂದು ಮರಿಯ ಜೊತೆ ಬಿಟ್ಟು ನೋಡಿದೆವು. ಇಬ್ಬರೂ ಗುದ್ದಾಡಿ, ಕಾಲುವೆಗೆ ಬಿದ್ದು, ಎದ್ದು ಮತ್ತೆ ಗುದ್ದಾಡಿದರು. ಸಂಜೆಯ ಹೊತ್ತಿಗೆ ಭೀಮನ ರಭಸ ಇನ್ನಷ್ಟು ಹೆಚ್ಚಿತ್ತು. ಪುಂಡನಿಗೆ ಪುಂಡ ಪಾಠ ಹೇಳಲಾರ. ಬೇಕಾಗಿದ್ದದ್ದು ಕೆಂಪಿ. ಆದರೆ ಕೆಂಪಿಯ ಯಜಮಾನರೇ ಮರಿಯನ್ನು ಊರು ಬಿಡಿಸಬೇಕೆಂದು ಎಲ್ಲರಿಗಿಂತ ಜೋರಾಗಿ ಕೂಗಿದವರು.

ಚೌಡಪ್ಪನವರ ಮನೆಮಾತು ತೆಲುಗು. ಕನ್ನಡ ಆಡುವಾಗಲೂ ಅದು ನಡುನಡುವೆ ಇಣುಕುತ್ತಿತ್ತು. ಜಗಲಿಯ ಮೇಲೆ ಕೂತು ಅವರು ನನ್ನ ಮಾತು ಪೂರ್ತಿ ಕೇಳಿದರು.

‘ಎಂದುಕಮ್ಮಾ? ಯಾಕಮ್ಮಾ? ನನ್ನ ಕೆಂಪಿ ಏನು ಇಸ್ಕೂಲ್ ಮೇಡಮ್ಮಾ?’

‘ಅದು ಯಾವತ್ತಾದ್ರೂ ಜಗಳ ಆಡಿದ್ದು ನೋಡಿದೀರಾ, ಚೌಡಪ್ಪನೋರೇ?’

‘ಅದ್ಯಾಕ್ ಜಗಳ ಆಡ್ತದೆ? ಒಂದ್ ಸಲ ತಿರುಗಿ ನೋಡಿದ್ರೆ ಸಾಕು, ಹುಲಿನೂ ಪಕ್ಕಕ್ಕೆ ಹೋಯ್ತದೆ. ನಮ್ಮ ಯಜಮಾನಿನೂ ಅಂಗೇನೇ.’

ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದಾಯಿತು. ಚೌಡಪ್ಪನವರು ದನಿ ಇಳಿಸಿದರು.

‘ಆ ನೋಟನೇ ನಮಗೆ ಬೇಕಾಗಿರೋದು’ ಎಂದೆ.

‘ಆ ದೂಡ ನನ್ನ ಕ್ಯಾನು ಉರುಳಿಸಿದ್ದು ಮರ್ತಿಲ್ಲ ನಾನು.’ ದೂಡ ಎಂದರೆ ತೆಲುಗಿನಲ್ಲಿ ಕರು. ಭೀಮನಿಗೆ ಅವರು ಇಟ್ಟ ಹೆಸರು ಅದು. ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದರು. ‘ಸರಿ. ಆದ್ರೆ ನನ್ನ ಕೆಂಪಿಗೆ ಒಂದು ಗೀರು ಬಿದ್ರೂ ಆ ದೂಡನ್ನ ನಾನೇ ಟೆಂಪೋ ಹತ್ತಿಸ್ತೀನಿ, ನೋಡ್ಕೊಳ್ಳಿ.’

ಕೆರೆ ಏರಿಯ ಮೇಲೆ ಶುರುಮಾಡಿದೆವು. ಏರಿಯ ಒಂದು ಅಂಚಿನಲ್ಲಿ ಚೌಡಪ್ಪನವರು ಮತ್ತು ಕೆಂಪಿ, ಇನ್ನೊಂದು ಅಂಚಿನಲ್ಲಿ ಮುನಿರತ್ನಮ್ಮ ಮತ್ತು ಭೀಮ. ಎದುರುಬದುರಾಗಿ ಬರುವಂತಿಲ್ಲ, ಒಂದೇ ದಿಕ್ಕಿಗೆ ನಡೆಯಬೇಕು. ಹಗ್ಗ ಉದ್ದ, ಸಡಿಲ. ಭೀಮ ಎಳೆದರೆ ನಿಲ್ಲುವುದು, ಹಗ್ಗ ಸಡಿಲವಾದರೆ ನಡೆಯುವುದು. ಇಷ್ಟೇ. ಕೆಲವು ದಿನ ಅವರು ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು, ‘ಏನ್ ಮುನಿರತ್ನಕ್ಕ, ನಾಯಿಗೆ ಹೆಣ್ಣು ತೋರಿಸ್ತಿದೀರಾ?’ ಎಂದು ರೇಗಿಸಿದರು. ‘ಹೆಣ್ಣು ಒಪ್ಪಬೇಕಲ್ಲಮ್ಮಾ!’ ಎಂದು ಚೌಡಪ್ಪನವರೇ ಉತ್ತರ ಕೊಟ್ಟರು.

ನಡುವಿನ ಅಂತರ ನಿಧಾನವಾಗಿ ಕಡಿಮೆಯಾಯಿತು. ಒಂದು ಸಂಜೆ ಎರಡು ಹಗ್ಗಗಳೂ ಒಂದನ್ನೊಂದು ತಲುಪುವಷ್ಟು ಹತ್ತಿರವಾದವು. ಭೀಮ ತನ್ನ ಹಳೆಯ ಚಾಳಿಯಂತೆ ಎದುರಿಗೆ ಹೋಗಿ ಕಾಲೆತ್ತಿದ. ಕೆಂಪಿ ತಲೆ ತಿರುಗಿಸಿ ಒಮ್ಮೆ ಬಾಯಿ ಹಾಕಿತು. ಹಲ್ಲಿಗೆ ಹಲ್ಲು ಬಡಿದ ಟಕ್ ಎಂಬ ಸದ್ದು ಏರಿಯ ತುದಿಯವರೆಗೂ ಕೇಳಿಸಿತು.

‘ಕಚ್ಚಿಬಿಡ್ತು!’ ಎಂದು ಮುನಿರತ್ನಮ್ಮ ಹಗ್ಗ ಎಳೆಯಲು ಹೋದರು.

‘ಎಳೀಬೇಡಿ. ಹಲ್ಲು ತಾಗಿಲ್ಲ, ನೋಡಿ.’

ಹಲ್ಲು ತಾಗಿರಲಿಲ್ಲ. ಮೂಗಿನಿಂದ ಒಂದು ಗೇಣು ದೂರದ ಗಾಳಿಯನ್ನು ಅದು ಕಚ್ಚಿತ್ತು. ಭೀಮ ಹಿಂಗಾಲ ಮೇಲೆ ಕುಕ್ಕರಿಸಿ, ಒಮ್ಮೆ ಮುನಿರತ್ನಮ್ಮನನ್ನೂ ಒಮ್ಮೆ ಕೆರೆಯನ್ನೂ ನೋಡಿದ. ಅವನಿಗೆ ಬೇಡ ಎಂದವರು ಅದುವರೆಗೆ ಯಾರೂ ಇರಲಿಲ್ಲ. ದಬ್ಬಿದವರು ಇದ್ದರು, ಕೂಗಿದವರು ಇದ್ದರು, ಕಿವಿ ಹರಿದವರೂ ಇದ್ದರು. ಕೆಂಪಿಯ ಬೇಡ ಬೇರೆ ರೀತಿಯದು. ಒಂದೇ ಸಲ ಹೇಳಿ, ಅಲ್ಲಿಗೇ ಮುಗಿಸಿ, ಏನೂ ಆಗಿಲ್ಲವೆಂಬಂತೆ ಗರಿಕೆ ಮೂಸುತ್ತಾ ನಿಂತಿತು. ಭೀಮ ಎದ್ದ. ಈ ಸಲ ಎದುರಿಗೆ ಹೋಗಲಿಲ್ಲ. ಬಳಸಿ ಹೋಗಿ ಕೆಂಪಿ ಮೂಸುತ್ತಿದ್ದ ಗರಿಕೆಯನ್ನೇ ತಾನೂ ಮೂಸಿದ. ಎರಡು ಮೂಗುಗಳು ಪಕ್ಕಪಕ್ಕ. ಕೆಂಪಿ ಸುಮ್ಮನಿತ್ತು.

‘ನೋಡ್ರಿ, ದೂಡಕ್ಕೆ ಬುದ್ಧಿ ಬಂತು’ ಎಂದರು ಚೌಡಪ್ಪನವರು, ಬಾಯಿ ಹಾಕಿದ್ದು ತಾವೇ ಎಂಬಷ್ಟು ಹೆಮ್ಮೆಯಲ್ಲಿ.

ಆಮೇಲೂ ಅವನು ಹಲವು ಸಲ ಮರೆತ, ಹಲವು ಸಲ ಗಾಳಿ ಕಚ್ಚಿಸಿಕೊಂಡ. ಮರೆಯುವುದು ಕಡಿಮೆಯಾಗುತ್ತಾ ಬಂತು. ನಿಂತೇ ಹೋಯಿತೆಂದು ಹೇಳುವಷ್ಟರಲ್ಲಿ ತೋಟದಲ್ಲಿ ಟೊಮ್ಯಾಟೊ ಬಿಡಿಸುವ ದಿನ ಬಂತು. ಭೈರೇಗೌಡರದು ಒಂದೇ ಮಾತು: ‘ಡೇರಿ ಹತ್ರ ಎಲ್ರ ಮುಂದೆ ನೋಡಣ. ಅಲ್ಲಿ ಗಲಾಟೆ ಆದ್ರೆ ಅಲ್ಲಿಂದ್ಲೇ ಟೆಂಪೋ ಹತ್ತಿಸಣ.’

ಬೆಳಿಗ್ಗೆ ಡೇರಿಯ ಮುಂದೆ ಎಂದಿಗಿಂತ ಹೆಚ್ಚು ಜನರಿದ್ದರು. ಹಾಲು ಹಾಕಿದವರೂ ಖಾಲಿ ಕ್ಯಾನು ಹಿಡಿದು ನಿಂತಿದ್ದರು. ರಸ್ತೆಯ ಆಚೆ ಮುನಿರಾಜು ಟೆಂಪೋ ನಿಲ್ಲಿಸಿಕೊಂಡು ಸ್ಟಿಯರಿಂಗ್ ಮೇಲೆ ಬೆರಳು ಬಡಿಯುತ್ತಿದ್ದ. ಮುನಿರತ್ನಮ್ಮ ಭೀಮನನ್ನು ಹಿಡಿದು ಬಂದರು. ಹಗ್ಗವನ್ನು ಗಿಡ್ಡಕೆ ಕೈಗೆ ಸುತ್ತಿಕೊಂಡಿದ್ದರು. ‘ಸಡಿಲ, ಸಡಿಲ’ ಎಂದೆ. ಬಿಟ್ಟರು.

ಕೆಂಪಿ ತನ್ನ ಕ್ಯಾನಿನ ಬುಡದಲ್ಲಿತ್ತು. ಭೀಮ ಬಳಸಿ ಹೋಗಿ ಮೂಸಿದ, ಕೆಂಪಿ ಮೂಸಿತು. ಅಷ್ಟು ಹೊತ್ತಿಗೆ ಪಕ್ಕದ ಅಂಗಡಿಯ ಹಿಂದಿನಿಂದ ಹುಲಿ ಬಂತು. ಜನ ತಂತಮ್ಮ ಕ್ಯಾನುಗಳನ್ನು ಹಿಂದಕ್ಕೆ ಎಳೆದುಕೊಂಡರು. ಭೀಮ ಒಂದು ನೆಗೆತ ನೆಗೆದ. ಹಗ್ಗ ಚಾಚಿಕೊಂಡಿತು. ಮುನಿರತ್ನಮ್ಮ ಕಣ್ಣು ಮುಚ್ಚಿದರು, ಹಗ್ಗ ಮಾತ್ರ ಎಳೆಯಲಿಲ್ಲ. ಎರಡನೆಯ ನೆಗೆತಕ್ಕೆ ಕಾಲು ಎತ್ತಿದವನು ಎತ್ತಿದ ಕಾಲನ್ನು ಅಲ್ಲೇ ಇಳಿಸಿದ. ಮುಖ ಪಕ್ಕಕ್ಕೆ ತಿರುಗಿಸಿದ, ನೆಲ ಮೂಸಿದ, ಪಕ್ಕೆ ಕೊಟ್ಟು ನಿಂತ. ಹುಲಿ ಅವನ ಹಿಂಬದಿ ಮೂಸಿತು. ಹೊಲಿದ ಕಿವಿಯನ್ನೂ ಮೂಸಿತು. ಆಮೇಲೆ ಹೋಗಿ ಗೋಡೆಯ ನೆರಳಲ್ಲಿ ಮಲಗಿತು.

ಸುದ್ದಿ ಬರೆಯುವವರು ಅಲ್ಲಿದ್ದಿದ್ದರೆ ಅವರಿಗೆ ಏನೂ ಸಿಗುತ್ತಿರಲಿಲ್ಲ.

‘ಅಂತೇನಾ? ಇಷ್ಟೇನಾ?’ ಎಂದರು ಚೌಡಪ್ಪನವರು. ಜನ ನಗುತ್ತಾ ಚದುರಿದರು.

ಮುನಿರಾಜು ಟೆಂಪೋದಿಂದ ತಲೆ ಹೊರಗೆ ಹಾಕಿ, ‘ಅಣ್ಣಾ, ನಾಯಿನ ಹತ್ತಿಸ್ತೀಯಾ ಇಲ್ವಾ? ಮಾರ್ಕೆಟ್‌ಗೆ ಹೊತ್ತಾಯ್ತು’ ಎಂದ.

ಭೈರೇಗೌಡರು ಹೆಂಡತಿಯ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ಪಂಚೆ ಮೇಲಕ್ಕೆ ಕಟ್ಟಿಕೊಂಡು ಗಟ್ಟಿಯಾಗಿ, ಎಲ್ಲರಿಗೂ ಕೇಳಿಸುವಂತೆ ಹೇಳಿದರು:

‘ಎಲ್ಲಿ ಹತ್ತಿಸ್ಲಿ? ಬರೀ ಕ್ರೇಟೇ ತುಂಬ್ಕೊಂಡಿದೀಯ. ಕಾಲಿಡಕ್ಕೂ ಜಾಗ ಇಲ್ಲ. ಹೋಗು, ಹೋಗು, ಹೊತ್ತಾಯ್ತು.’

ನಾನು ರಸ್ತೆ ದಾಟಿ ಹೋಗಿ ನೋಡಿದ್ದೆ, ಆದ್ದರಿಂದ ಬರೆಯುತ್ತಿದ್ದೇನೆ. ಟೆಂಪೋದ ಹಿಂಭಾಗ ಅರ್ಧಕ್ಕಿಂತ ಹೆಚ್ಚು ಖಾಲಿಯಿತ್ತು.